ಕೌದಿಯ ಗುಣದೋಷ

ಹರಕು ಬಟ್ಟೆಗೆ ಕನ್ನಡದಲ್ಲಿರುವ ಮಾತುಗಳನ್ನೆಲ್ಲ ಒಟ್ಟುಗೂಡಿಸಿದರೆ ಅದೇ ಒಂದು ಕೌದಿಯಾದೀತು. ಚಿಂದಿ, ತುಂಡು, ತೇಪೆ, ಕಂತೆ, ಬೊಂತೆ. ಇವುಗಳಲ್ಲಿ ಕೊನೆಯ ಎರಡು ಮಾತುಗಳು ಮಾನ ಕಳೆದುಕೊಂಡ ಬಗೆ ನೋಡತಕ್ಕದ್ದು. ಸಂಸ್ಕೃತದ ಕಂಥಾ ಎಂಬುದು ತೇಪೆಗಳನ್ನು ಜೋಡಿಸಿ ಹೊಲಿದ ಹೊದಿಕೆ. ವಿರಕ್ತರ ಹೆಗಲ ಮೇಲೆ ಗೌರವದಿಂದಿದ್ದ ವಸ್ತು. ಬಂಗಾಳದಲ್ಲಿ ಅದು ಅದೇ ಹೆಸರಿನಲ್ಲಿ ಉಳಿದು, ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿದೆ. ಕನ್ನಡದ ಕಂತೆಯ ಪಾಡು ಬೇರೆ. ಬೇಸರ ಹುಟ್ಟಿಸುವ ಕಥೆ ಕಂತೆಪುರಾಣ. ಸತ್ತವನು ಕಂತೆ ಒಗೆದವನು. ಅಯೋಗ್ಯರಿಬ್ಬರು ಜೊತೆಗೂಡಿದರೆ ಕಂತೆಗೆ ತಕ್ಕ ಬೊಂತೆ. ಈ ಬೊಂತೆಯನ್ನು ನೆರೆಯ ತೆಲುಗರು ಇಂದಿಗೂ ಬೊಂತ ಎಂದು ಕರೆದು ಹೊದೆದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಗಾದೆಯಲ್ಲಿ ಉಳಿದಿದೆ, ಅದೂ ಬೈಗುಳಾಗಿ.

ಕೌದಿಯ ಕೆಳಗೆ ಮಲಗಿ ಬೆಳೆದವರು ನಮ್ಮ ಪಟ್ಟಣಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದನ್ನು ಬಿಸಿಲಿಗೆ ಹರವಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದವರು ಬಹಳ ಇರಲಾರರು. ಅದು ನೋಡಬೇಕಾದ ವಸ್ತು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಈಚೆಗೆ ಗಾಳಿ ತಿರುಗಿದೆ. ಪಟ್ಟಣದ ಅಂಗಡಿಗಳಲ್ಲಿ ಕೌದಿಗಳು ತೂಗುತ್ತಿವೆ, ಕೊಳ್ಳುವವರು "ಎಷ್ಟು ಚೆಂದ!" ಎಂದು ಉದ್ಗರಿಸಿ ಹಣ ಕೊಟ್ಟು ಹೋಗುತ್ತಾರೆ. ಹಿಂದಿನ ತಾತ್ಸಾರಕ್ಕೂ ಇಂದಿನ ಈ ಮೆಚ್ಚುಗೆಗೂ ನನ್ನದೊಂದೇ ಆಕ್ಷೇಪಣೆ. ಯಾವ ಕೌದಿ ಒಳ್ಳೆಯದು, ಯಾವುದು ಸಾಧಾರಣ, ಏಕೆ ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ. ಕಾವ್ಯದ ವಿಷಯದಲ್ಲಿ ಕನ್ನಡಿಗರು ಈ ಪ್ರಶ್ನೆಯನ್ನು ಒಂಬತ್ತನೆಯ ಶತಮಾನದಿಂದಲೂ ಕೇಳುತ್ತ ಬಂದವರು. ಕವಿರಾಜಮಾರ್ಗ ಗುಣವನ್ನು ಹೇಳುವಷ್ಟೇ ಅಕ್ಕರೆಯಿಂದ ದೋಷವನ್ನೂ ಹೇಳುತ್ತದೆ. ದೋಷವನ್ನೆಣಿಸದ ಮೆಚ್ಚುಗೆಯಲ್ಲಿ ಒಂದು ಬಗೆಯ ಅವಜ್ಞೆ ಅಡಗಿರುತ್ತದೆ. ಮಗು ಗೀಚಿದ ಆನೆಯನ್ನು ಹೊಗಳುವಾಗ ನಾವು ಹೊಗಳುವುದು ಮಗುವನ್ನು. ಆನೆಯನ್ನು ನೋಡಿಯೇ ಇರುವುದಿಲ್ಲ.

ಈ ಪ್ರಶ್ನೆ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ಉಡುತಡಿಯಲ್ಲಿ. ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪದ ಬಳಿಯ ಊರು. ಸೊರಬದ ಸೀಮೆ ಅಲ್ಲಿಂದ ದೂರವಿಲ್ಲ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಅಂಚು ಅದು. ಮಳೆಗಾಲದಲ್ಲಿ ಗದ್ದೆಗೆ ಹೋಗುವವರ ತಲೆಯ ಮೇಲೆ ಪಡುವಣ ಸೀಮೆಯ ಕಂಬಳಿಕೊಪ್ಪೆ, ರಾತ್ರಿ ಮನೆಯೊಳಗೆ ಮೂಡಣ ಸೀಮೆಯ ಕೌದಿ. ಮಹಾದೇವಿಯಕ್ಕ ಹುಟ್ಟಿದ ಊರೆಂದು ಈಗ ಅಲ್ಲಿ ಅವಳ ಎತ್ತರದ ಪ್ರತಿಮೆ ನಿಂತಿದೆ; ಯಾತ್ರಿಕರು ಬರುತ್ತಾರೆ. ಅರಸನ ಮನೆಯನ್ನೂ ಉಟ್ಟ ಸೀರೆಯನ್ನೂ ಒಟ್ಟಿಗೇ ಬಿಟ್ಟು ಹೊರಟವಳ ಊರಿನಲ್ಲಿ ನಿಂತು ಬಟ್ಟೆಯ ವಿಷಯ ಬರೆಯಹೊರಡುವುದು ಸ್ವಲ್ಪ ವಿಚಿತ್ರವೇ ಸರಿ. ಸೀರೆಯನ್ನು ಬಿಟ್ಟ ಮೇಲೆ ಕೂದಲನ್ನೇಕೆ ಮರೆಮಾಡಿಕೊಂಡೆ ಎಂಬ ಅರ್ಥದಲ್ಲಿ ಅಲ್ಲಮ ಅವಳನ್ನು ಕೇಳಿದ್ದು ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ಗೊತ್ತು.

ಆದರೆ ಅದೇ ಶರಣರ ಬಳಗದಲ್ಲಿ ಮತ್ತೊಬ್ಬಳಿದ್ದಳು. ಅವಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಐತಿಹ್ಯದ ಪ್ರಕಾರ ಅವಳು ಕಾಶ್ಮೀರದ ರಾಜಮನೆತನದವಳು, ಮೋಳಿಗೆಯ ಮಾರಯ್ಯನ ತಂಗಿ, ಹೆಸರು ನಿಜದೇವಿ. ಅವಳೂ ಮಹಾದೇವಿಯಂತೆ ಬಟ್ಟೆಯ ಹಂಗನ್ನು ಹರಿದು ಹೊರಟಳು. ದಾರಿಯಲ್ಲಿ ಶಿವನು ಅವಳಿಗೆ ಒಂದು ಬೊಂತೆಯನ್ನು ಹೊದಿಸಿದನಂತೆ. ಅಂದಿನಿಂದ ಅವಳು ಬೊಂತಾದೇವಿ. "ಬಿಡಾಡಿ" ಎಂಬ ಅಂಕಿತದ ಅವಳ ಕೆಲವು ವಚನಗಳು ನಮಗೆ ಉಳಿದಿವೆ. ಕಥೆಯನ್ನು ಚರಿತ್ರೆಯೆಂದು ಸಾಧಿಸಬೇಕಾದ ಅಗತ್ಯ ನನಗಿಲ್ಲ. ಕಥೆಯನ್ನು ಕಟ್ಟಿದವರ ಮನಸ್ಸು ಮಾತ್ರ ಗಮನಾರ್ಹ. ಮಹಾಭಾರತದಲ್ಲಿ ದೇವರು ದ್ರೌಪದಿಗೆ ಮುಗಿಯದ ಸೀರೆಯನ್ನು ಕೊಟ್ಟ. ಇಲ್ಲಿ ದೇವರು ಕೊಟ್ಟದ್ದು ಉಟ್ಟು ಮುಗಿದ ಸೀರೆಗಳಿಂದ ಹೊಲಿದ ಬೊಂತೆ. ಹನ್ನೆರಡನೆಯ ಶತಮಾನದ ಆ ಬಳಗದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೂ ಇದ್ದನೆಂಬುದನ್ನು ನೆನೆದರೆ, ಕಂತೆ ಬೊಂತೆಗಳು ಬೈಗುಳಾದದ್ದು ಆಮೇಲಿನ ನಮ್ಮ ಸಾಧನೆಯಿರಬೇಕೆಂದು ತೋರುತ್ತದೆ.

ಉಡುತಡಿಯ ಸುತ್ತಿನ ನೆಲಕ್ಕೆ ಇನ್ನೊಂದು ವಿಶೇಷವಿದೆ. ಅದು ಹೆಸರು ಬರೆದಿಟ್ಟವರ ನೆಲ. ಹತ್ತಿರದ ತಾಳಗುಂದದ ಕಂಬದ ಮೇಲೆ ಕದಂಬರ ಕಥೆಯನ್ನು ಪದ್ಯದಲ್ಲಿ ರಚಿಸಿದ ಕುಬ್ಜ ತನ್ನ ಹೆಸರನ್ನು ಕೆತ್ತಿ ಹೋಗಿದ್ದಾನೆ. ಪಕ್ಕದ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದಾಗ, ಯಾವ ಊರಿನ ಯಾರು ಕಡೆದದ್ದೆಂಬುದನ್ನು ಪೀಠದ ಮೇಲೆ ಬರೆದರು. ವಚನಕಾರರಿಗೆ ಅಂಕಿತವಿತ್ತು. ಸೊರಬ ಸಾಗರಗಳ ಗುಡಿಗಾರರ ಗಂಧದ ಕೆತ್ತನೆಗೆ ಅರಮನೆಯ ಕಾಲದಿಂದಲೂ ಮನ್ನಣೆ ಇದೆ. ಇದೇ ಸೀಮೆಯ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೂ ಈಚಿನ ವರ್ಷಗಳಲ್ಲಿ ಹೆಸರು ಬಂದಿದೆ. ಬರದೆ ಉಳಿದದ್ದು ಕೌದಿಗೆ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯ ಎಂದು ನಾಲ್ಕು ಹೊಲಿಗೆಗಳನ್ನು ಹೇಳುತ್ತಾರೆ. ಅವುಗಳಲ್ಲಿ ನೇಯ್ಗಿ ಎಂಬುದು, ಸೂಜಿಯನ್ನು ಇಳಿಸುತ್ತ ಎತ್ತುತ್ತ ಮುಂದೆ ಓಡಿಸುವ ಇದೇ ನೇರ ಹೊಲಿಗೆ. ಸೀರೆಯ ಸೆರಗಿನ ಮೇಲೆ ಓಡಿದರೆ ಅದು ಕಲೆ. ಹಳೆಯ ಸೀರೆಗಳ ಮೇಲೆ ಓಡಿದರೆ ಮನೆಗೆಲಸ!

ಇರಲಿ. ಕೌದಿಯ ವಿಚಾರವನ್ನು ಒಂದು ಕೌದಿಯಿಂದಲೇ ಹೇಳುವುದು ಮೇಲು. ಉಡುತಡಿಯಲ್ಲಿ ಪರಿಚಯದವರೊಬ್ಬರ ಮೂಲಕ ಒಂದು ಮನೆಯಲ್ಲಿ ಹಳೆಯ ಕೌದಿಯೊಂದನ್ನು ನೋಡುವ ಅವಕಾಶ ಒದಗಿತು. ಮನೆಯ ಹಿರಿಯಾಕೆಗೆ ಎಂಬತ್ತು ದಾಟಿದೆ. "ಅದ್ರಾಗೆ ನೋಡಾಕೆ ಏನೈತಿ ತಮ್ಮಾ, ಹರ್ದೈತಿ" ಎಂದು ಗೊಣಗುತ್ತಲೇ ಸೊಸೆಗೆ ಹೇಳಿ ಅಟ್ಟದಿಂದ ಇಳಿಸಿಸಿದರು. ಹೊಲಿದವರು ಈ ಹಿರಿಯಾಕೆಯ ಅತ್ತೆ. ಇವರು ಮದುವೆಯಾಗಿ ಬಂದಾಗಲೇ ಅದು ಮನೆಯಲ್ಲಿತ್ತಂತೆ. ಜಗಲಿಯ ಮೇಲೆ ಹರವಿದೆವು. ಒಬ್ಬರು ಮೈತುಂಬ ಹೊದೆದು ಮಲಗುವಷ್ಟು ಉದ್ದ, ಮಗುವೊಂದನ್ನು ಮಗ್ಗುಲಿಗೆ ಹಾಕಿಕೊಳ್ಳುವಷ್ಟು ಅಗಲ.

ನಡುವೆ ಇಳಕಲ್ಲಿನ ಸೀರೆಯ ಸೆರಗಿನಿಂದ ತೆಗೆದ ಒಂದು ಕೆಂಪು ಚೌಕ. ಅದರಲ್ಲಿ ಬಿಳಿಯ ಗೋಪುರದ ಸಾಲಿನಂಥ ತೋಪುತೆನೆ ಇನ್ನೂ ಕಾಣುತ್ತದೆ. ಸುತ್ತಲೂ ಮಾಸಿದ ಚಂದ್ರಕಾಳಿ ಸೀರೆಯ ಕಪ್ಪು ಪಟ್ಟಿ. ಅದರಾಚೆ ಗುಳೇದಗುಡ್ಡದ ಖಣದ ತುಂಡುಗಳು, ಮೂರುಮೂಲೆಯಾಗಿ ಕತ್ತರಿಸಿ ಎರಡೆರಡನ್ನು ಎದುರುಬದುರಾಗಿ ಕೂಡಿಸಿದವು. ಅದರಾಚೆ ಗಂಡಸರ ಅಂಗಿಯ ಗೆರೆಬಟ್ಟೆ, ಅಲ್ಲಲ್ಲಿ ಚೀಟಿ ಬಟ್ಟೆ. ಅಂಚಿಗೆ ಸೀರೆಯ ಕೆಂಪು ದಡಿಯನ್ನೇ ಬಿಡಿಸಿ ಸುತ್ತಲೂ ಹಾಯಿಸಿದ್ದಾರೆ. ಇಷ್ಟನ್ನು ಪಟ್ಟಿಮಾಡಿ ಹೇಳುವುದು ಸುಲಭ, ಎಷ್ಟೋ ಕೌದಿಗಳಿಗೆ ಒಪ್ಪುವ ವರ್ಣನೆ ಅದು. ಈ ಕೌದಿಯನ್ನು ಬೇರೆ ಮಾಡಿದ್ದು ಒಂದು ನೀಲಿ ತುಂಡು.

ಎಡಗಡೆಯ ಖಣದ ಸಾಲಿನಲ್ಲಿ ಆರು ಜೋಡಿಗಳಿವೆ. ಬಲಗಡೆ ನಾಲ್ಕಕ್ಕೇ ಖಣ ಮುಗಿದಿದೆ. ಸಾಧಾರಣ ಕೈಯಾಗಿದ್ದರೆ ಸಿಕ್ಕಿದ ಯಾವುದಾದರೂ ಎರಡು ತುಂಡುಗಳಿಂದ ಆ ಎಡೆಯನ್ನು ತುಂಬಿ ಮುಂದೆ ಸಾಗುತ್ತಿತ್ತು. ಈಕೆ ಅಲ್ಲಿ ಯಾವ ಹೂವೂ ಗೆರೆಯೂ ಇಲ್ಲದ ಸಾದಾ ನೀಲಿಯನ್ನು ಇಟ್ಟಿದ್ದಾರೆ. ಇಟ್ಟು ಸುಮ್ಮನಾಗಲಿಲ್ಲ. ಮೇಲಿನ ಎಡಮೂಲೆಯಲ್ಲಿ ಅದೇ ನೀಲಿಯ ಬೆರಳಗಲದ ಚೂರು, ಕೆಳಗಿನ ಅಂಚಿನ ಹತ್ತಿರ ಇನ್ನೊಂದು, ನಡುವಿನ ಕೆಂಪು ಚೌಕದ ಒಂದು ಕೋನಕ್ಕೆ ತಾಗಿದಂತೆ ಮತ್ತೊಂದು. ಕೊರತೆಯಿಂದ ಬಂದ ಬಣ್ಣವನ್ನು ಮೂರು ಕಡೆ ಮರಳಿಸಿ ಅದನ್ನು ಮೊದಲಿಂದಲೂ ಬೇಕೆಂದೇ ಇಟ್ಟ ಬಣ್ಣವನ್ನಾಗಿ ಮಾಡಿದ್ದಾರೆ. ಕಣ್ಣು ಈಗ ಕೆಂಪಿನಿಂದ ಕೆಂಪಿಗೆ ಹೋಗುವುದಿಲ್ಲ. ನೀಲಿಯಿಂದ ನೀಲಿಗೆ ಹೋಗುತ್ತ ಇಡೀ ಕೌದಿಯನ್ನು ಓರೆಯಾಗಿ ದಾಟುತ್ತದೆ. ಪ್ರಾಸಕ್ಕೆ ಸಿಕ್ಕದ ಮಾತನ್ನು ಗೆಲ್ಲುವುದು ಹೇಗೆಂದು ನಮ್ಮ ಕವಿಗಳಿಗೆ ತಿಳಿದಿತ್ತು. ಈಕೆಗೂ ತಿಳಿದಿತ್ತು.

ದೋಷವೂ ಇದೆ. ಕೆಳಗಿನ ಬಲಮೂಲೆಯಲ್ಲಿ ದೊಡ್ಡ ಹೂವಿನ ಚೀಟಿಯ ನಾಲ್ಕು ತುಂಡುಗಳು ಒಂದರ ಮೇಲೊಂದು ನುಗ್ಗಿ ಕುಳಿತಿವೆ. ಆ ಮೂಲೆ ಮಾತ್ರ ಸಂತೆಯಂತೆ ಕೂಗುತ್ತದೆ. ಈ ಒರಟುತನ ಆ ನೀಲಿಯನ್ನು ಇಟ್ಟ ಕೈಗೆ ಸಲ್ಲತಕ್ಕದ್ದೆ ಎಂದು ಅನುಮಾನವಾಯಿತು. ಕೌದಿಯನ್ನು ತಿರುವಿಹಾಕಿ ನೋಡಿದೆ. ಅನುಮಾನ ಅಲ್ಲಿ ಪರಿಹಾರವಾಯಿತು.

ಕೌದಿಯ ಬೆನ್ನನ್ನು ನೋಡದೆ ಕೌದಿಯ ಮಾತು ಆಡಬಾರದು. ಮುಖದಲ್ಲಿ ಬಣ್ಣಗಳ ಗದ್ದಲದಲ್ಲಿ ಹೊಲಿಗೆ ಕಾಣುವುದೇ ಇಲ್ಲ. ಬೆನ್ನಿಗೆ ಸಾಮಾನ್ಯವಾಗಿ ಒಂದೇ ಹಳೆಯ ಧೋತರವನ್ನೋ ಸೀರೆಯನ್ನೋ ಹಾಕಿರುತ್ತಾರೆ. ಅಲ್ಲಿ ಹೊಲಿಗೆಯೊಂದೇ ಇರುತ್ತದೆ. ಮುಖ ಪದ್ಯದ ಮಾತುಗಳಾದರೆ ಬೆನ್ನು ಅದರ ಛಂದಸ್ಸು. ಈ ಕೌದಿಯ ಬೆನ್ನಿನ ಮೇಲೆ ಹೊಲಿಗೆಯ ಗೆರೆಗಳು ಅಂಚಿನಿಂದ ಹೊರಟು, ಚೌಕದೊಳಗೆ ಚೌಕವಾಗಿ, ಬೆರಳಗಲದ ಅಂತರ ಬಿಡುತ್ತ ನಡುವಿನವರೆಗೆ ಹೋಗಿವೆ. ಮೂಲೆಯಲ್ಲಿ ತಿರುಗುವಾಗ ಎಲ್ಲಿಯೂ ಮುದುರಿಲ್ಲ. ಅಂತರ ಎಲ್ಲಿಯೂ ಹಿಗ್ಗಿಲ್ಲ, ಕುಗ್ಗಿಲ್ಲ. ಆ ಬಲಮೂಲೆಯಲ್ಲಿ ಮಾತ್ರ ಹೊಲಿಗೆಯ ಕಾಲು ಎರಡರಷ್ಟು ಉದ್ದವಾಗಿದೆ, ದಾರವೂ ಬೇರೆ. ಅದು ಮತ್ತೊಬ್ಬರು ಎಂದೋ ಹಾಕಿದ ತೇಪೆ. ದಾಸೋಜನಂತೆ ಈಕೆ ಹೆಸರು ಬರೆಯಲಿಲ್ಲ. ಬರೆಯದಿದ್ದರೂ ಈಕೆಯ ಕೈ ಎಲ್ಲಿಗೆ ನಿಂತಿತೆಂಬುದನ್ನು ಬೆರಳಿಟ್ಟು ತೋರಿಸಬಹುದು. "ಇದು ಯಾರ ಹೊಲಿಗಿ ಅಮ್ಮಾ?" ಎಂದು ಹಿರಿಯಾಕೆಯನ್ನು ಕೇಳಿದೆ. ಅವರು ನಕ್ಕರು. "ನಂದೇ. ಮಗ ಹುಟ್ಟಿದ ವರ್ಷ ಇಲಿ ಕಡ್ದಿತ್ತು, ಅರ್ಜೆಂಟಾಗಿ ಹಾಕಿದ್ದು."

ಹೊಲಿಗೆಯ ಈ ಅಂತರ ಅಂದಕ್ಕಾಗಿ ಮಾತ್ರ ಇರುವುದಲ್ಲ. ಕೌದಿಯಲ್ಲಿ ಅರಳೆ ತುಂಬುವುದಿಲ್ಲ. ಹಳೆಯ ಬಟ್ಟೆಯ ಪದರಗಳೇ ಅದರ ಮೈ. ಪದರಗಳ ನಡುವೆ ನಿಂತ ಗಾಳಿಯೇ ಚಳಿಯನ್ನು ತಡೆಯುವುದು. ಹೊಲಿಗೆ ವಿರಳವಾದರೆ ಪದರಗಳು ಒಂದರ ಮೇಲೊಂದು ಜಾರಿ, ಒಗೆದಾಗ ಒಳಗೆ ಮುದ್ದೆಗಟ್ಟುತ್ತವೆ. ತೀರ ಒತ್ತಾದರೆ ಗಾಳಿಗೆ ಎಡೆಯಿಲ್ಲದೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ದಾರವನ್ನು ಬಿಗಿದೆಳೆದರೆ ಬಟ್ಟೆ ಸುಕ್ಕುಗಟ್ಟಿ ಹರಿಯುತ್ತದೆ. ಸಡಿಲ ಬಿಟ್ಟರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯ ಎಂಬ ಮಾತನ್ನು ನಾನು ಇಲ್ಲಿ ತರುವುದು ಅಲಂಕಾರಕ್ಕಲ್ಲ. ಒಳ್ಳೆಯ ಕೌದಿಯಲ್ಲಿ ಕಣ್ಣಿಗೆ ಸರಿಯಾದದ್ದೂ ಮೈಗೆ ಸರಿಯಾದದ್ದೂ ಒಂದೇ ಗೆರೆಯ ಮೇಲೆ ಬಂದು ಕೂಡುತ್ತವೆ. ಕೂಡದಿದ್ದಲ್ಲಿ ದೋಷ.

ಹಳೆಯದು ಎಂಬ ಮಾತಿನ ವಿಷಯ ಸ್ವಲ್ಪ ಹೇಳಬೇಕು. ಹಳೆಯ ಸಾಮಾನುಗಳ ವ್ಯಾಪಾರಿಗಳು ಯಾವ ಕೌದಿಗಾದರೂ ಕಣ್ಣಳತೆಯಲ್ಲಿ ನೂರು ವರ್ಷ ಕೊಟ್ಟುಬಿಡುತ್ತಾರೆ. ಕೌದಿಯ ವಯಸ್ಸನ್ನು ಅದರ ಅತ್ಯಂತ ಹಳೆಯ ತುಂಡಿನಿಂದ ಎಣಿಸಲಾಗದು, ಅತ್ಯಂತ ಹೊಸ ತುಂಡಿನಿಂದ ಎಣಿಸಬೇಕು. ಆ ಬಟ್ಟೆ ಉಟ್ಟು ಹಳತಾಗಲು ಹಿಡಿದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಜ್ಜಿಯ ಸೀರೆಯೊಂದಿಗೆ ಟೆರಿಲೀನ್ ಅಂಗಿಯ ಒಂದು ಚೂರು ಸೇರಿದ್ದರೂ ಅದು ಸ್ವಾತಂತ್ರ್ಯಕ್ಕಿಂತ ಹಿಂದಿನ ಕೌದಿಯಾಗಲಾರದು. ಬಣ್ಣವೂ ಅಷ್ಟೆ. ಕೃತಕ ನೀಲಿ 1897ರಿಂದಲೇ ಮಾರಾಟಕ್ಕೆ ಬಂದದ್ದು. ಮಾಸಿದ ನೀಲಿಯನ್ನೆಲ್ಲ ಗಿಡದ ನೀಲಿಯೆಂದು ಭ್ರಮಿಸಬೇಕಾಗಿಲ್ಲ. ಉಡುತಡಿಯ ಕೌದಿಯಲ್ಲಿ ಕೃತಕ ನೂಲಿನ ಒಂದು ಎಳೆಯೂ ಕಾಣಲಿಲ್ಲ. ಅದಕ್ಕಿಂತ ಹೆಚ್ಚನ್ನು ನಾನು ಹೇಳಲಾರೆ. ಹೇಳುವವರನ್ನು ನಂಬಲೂ ಆರೆ.

ಇಲಿ ಕಡಿದ ಜಾಗದ ಪಕ್ಕದಲ್ಲಿ ತೇಪೆಗೂ ನಿಲುಕದ ಒಂದು ಹರಕು ಬಾಯಿಬಿಟ್ಟಿದೆ. ಅದರೊಳಗೆ ಬೆರಳು ಹಾಕಿದಾಗ ಇನ್ನೊಂದು ಹೊಲಿಗೆ ಸಿಕ್ಕಿತು. ಒಳಗೆ ಮತ್ತೊಂದು ಕೌದಿ ಇದೆ. ಸವೆದ ಕೌದಿಯನ್ನು ಬಿಸಾಡದೆ ಅದನ್ನೇ ನಡುವಿನ ಪದರವಾಗಿ ಇಟ್ಟು ಮೇಲೆ ಹೊಸ ಹೊದಿಕೆ ಹೊಲಿಯುವುದು ರೂಢಿ. ಅತ್ತೆಯ ಕೌದಿಯೊಳಗೆ ಅವರ ಅತ್ತೆಯದು. ಹರಕಿನಲ್ಲಿ ಕಂಡಷ್ಟರಲ್ಲಿ ಒಳಗಿನ ಹೊಲಿಗೆ ಇನ್ನೂ ಸಣ್ಣದಾಗಿತ್ತು ಎಂದಷ್ಟೇ ಹೇಳಬಲ್ಲೆ.

ಒಂದೇ ಕೌದಿಯನ್ನು ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ. ಆದ್ದರಿಂದ ಸೊರಬ ದಾಟಿ, ಬನವಾಸಿಯ ಆಚೆಗೆ, ಉತ್ತರ ಕನ್ನಡದ ಕಾಡಂಚಿಗೆ ಹೋಗೋಣ. ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಧಾರವಾಡ ಕಡೆಯ ಕೌದಿಯಲ್ಲಿ ಕಣ್ಣಿಗೆ ನಡುವೆ ಒಂದು ಮನೆಯಿದ್ದು ಅದರ ಸುತ್ತ ಅಂಗಳ ಹರಡಿದಂತೆ ತೋರಿದರೆ, ಕವಂದಿಯಲ್ಲಿ ಕೆಲಸ ಮೂಲೆಯಿಂದ ಮೊದಲಾಗುತ್ತದೆ. ಅಂಚಿನ ಉದ್ದಕ್ಕೂ ತುಂಡುಗಳನ್ನು ಇಡುತ್ತ, ಸುತ್ತು ಬರುತ್ತ, ಕೊನೆಗೆ ನಡುವನ್ನು ತಲುಪುತ್ತಾರೆ. ನಡುವೆ ಏನು ಬರುತ್ತದೆಂಬುದು ಅಲ್ಲಿಗೆ ತಲುಪುವವರೆಗೆ ಗೊತ್ತಿರುವುದಿಲ್ಲ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ಮೂರುಮೂಲೆಯ "ಫೂಲ" ಇಡಲೇಬೇಕು. ಅದಿಲ್ಲದ ಕವಂದಿ ಬತ್ತಲೆ ಎಂದು ಅವರ ಭಾವನೆ. ಬತ್ತಲೆ ಎಂಬ ಈ ಮಾತನ್ನು ಕೇಳಿದಾಗ ನನಗೆ ಉಡುತಡಿಯ ನೆನಪಾಗದೆ ಇರಲಿಲ್ಲ. ಬಣ್ಣದ ಧೈರ್ಯದಲ್ಲಿ ಕವಂದಿಗೆ ನಮ್ಮ ಕೌದಿ ಸಾಟಿಯಲ್ಲವೆಂದೇ ನನ್ನ ಅಭಿಪ್ರಾಯ. ಕೆಂಪಿನ ಪಕ್ಕದಲ್ಲಿ ಗುಲಾಬಿಯನ್ನು ಇಟ್ಟು ಅದನ್ನು ಗೆಲ್ಲಿಸಿಕೊಳ್ಳುವ ಎದೆಗಾರಿಕೆ ನಮ್ಮ ಕಡೆ ಕಡಮೆ. ಆದರೆ ಬೆನ್ನಿನ ಹೊಲಿಗೆಯ ನಿಯಮದಲ್ಲಿ ಉಡುತಡಿಯ ಈ ಅತ್ತೆಯನ್ನು ಮೀರಿಸಿದ ಕವಂದಿಯನ್ನು ನಾನು ನೋಡಿಲ್ಲ.

ಸಿದ್ದಿಯರ ಕವಂದಿಗಳು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರ ಆಸಕ್ತಿಯಿಂದ 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸಂತೋಷದ ಸಂಗತಿ. ಆ ದೇಶದಲ್ಲಿ ಇದಕ್ಕೆ ಮೊದಲೇ ದಾರಿಯಾಗಿತ್ತು. 1971ರಲ್ಲಿ ಅಲ್ಲಿನ ವಿಟ್ನಿ ಮ್ಯೂಸಿಯಂ ತಮ್ಮ ನಾಡಿನ ಹಳೆಯ ಕೌದಿಗಳನ್ನು ಆಧುನಿಕ ಚಿತ್ರಗಳಂತೆ ಗೋಡೆಗೆ ತೂಗುಹಾಕಿತು. 2002ರಲ್ಲಿ ಅಲಬಾಮದ ಜೀಸ್ ಬೆಂಡ್ ಎಂಬ ಬಡ ಹಳ್ಳಿಯ ಕರಿಯ ಹೆಂಗಸರ ಕೌದಿಗಳು ಹ್ಯೂಸ್ಟನ್ನಿನಲ್ಲಿಯೂ ಅದೇ ವಿಟ್ನಿಯಲ್ಲಿಯೂ ಜನರನ್ನು ಬೆರಗುಗೊಳಿಸಿದವು. ಜೀಸ್ ಬೆಂಡಿನ ವಿಷಯದಲ್ಲಿ ನನಗೆ ಮೆಚ್ಚುಗೆಯಾದದ್ದು, ಪ್ರತಿಯೊಂದು ಕೌದಿಯ ಜೊತೆಯಲ್ಲಿ ಹೊಲಿದವಳ ಹೆಸರು ಇದ್ದದ್ದು. ನಾನು ಕಂಡ ನಮ್ಮ ಕಡೆಯ ಪ್ರದರ್ಶನಗಳಲ್ಲಿ ಚೀಟಿಯ ಮೇಲೆ ಇದ್ದದ್ದು "ಕೌದಿ, ಹತ್ತಿ, ಉತ್ತರ ಕರ್ನಾಟಕ" ಎಂಬಷ್ಟೇ ಮಾತು. ಹೊಲಿದವರು ಯಾರು, ಊರು ಯಾವುದು, ಯಾರ ಮದುವೆಗೆ, ಯಾರ ಬಾಣಂತನಕ್ಕೆ? ಅದನ್ನು ಮನೆಯಿಂದ ತಂದವರು ಒಂದು ಮಾತು ಕೇಳಿದ್ದರೆ ಸಿಕ್ಕುತ್ತಿತ್ತು. ಗೋಡೆಗೆ ತೂಗುಹಾಕುವುದರಲ್ಲಿ ಇನ್ನೊಂದು ತೊಡಕು. ಬೆನ್ನು ಗೋಡೆಗೆ ಹೋಗುತ್ತದೆ. ಅರ್ಧ ಕೌದಿಯನ್ನು ನೋಡಿ ಇಡೀ ಕೌದಿಯನ್ನು ಮೆಚ್ಚಿದಂತಾಗುತ್ತದೆ.

ಅಂಗಡಿಯ ಕೌದಿಗಳ ಮಾತು ಬೇರೆ. ಕೆಲವು ಚೆನ್ನಾಗಿಯೇ ಇವೆ. ಹಳ್ಳಿಯ ಹೆಂಗಸರ ಕೈಗೆ ನಾಲ್ಕು ಕಾಸು ಸೇರುವುದಾದರೆ ನನ್ನಂಥವರ ಮೂಗು ಮುರಿಯುವಿಕೆಗೆ ಬೆಲೆಯಿಲ್ಲ. ಆದರೂ ವಿಮರ್ಶೆಯೆಂದ ಮೇಲೆ ಹೇಳಬೇಕು. ಹೊಸ ಬಟ್ಟೆಯ ಥಾನನ್ನು ಕತ್ತರಿಸಿ ತುಂಡು ಮಾಡಿ, ಆ ತುಂಡುಗಳನ್ನು ಮತ್ತೆ ಜೋಡಿಸಿದ ಕೌದಿಯಲ್ಲಿ ಕೊರತೆ ಎಂಬುದೇ ಇಲ್ಲ. ಖಣ ಮುಗಿಯುವುದಿಲ್ಲ, ಮುಗಿಯದಿದ್ದ ಮೇಲೆ ನೀಲಿ ತುಂಡು ಬರುವುದಿಲ್ಲ. ಎಲ್ಲ ಮೂಲೆಗಳೂ ಸರಿಯಾಗಿವೆ, ಎಲ್ಲ ಬಣ್ಣಗಳೂ ಒಂದಕ್ಕೊಂದು ಒಪ್ಪುತ್ತವೆ, ನೋಡಿ ಮುಗಿಸಲು ಒಂದು ನಿಮಿಷ ಸಾಕು. ಹೊಸ ಬಟ್ಟೆಯ ಗಂಜಿ ನಾಲ್ಕು ಒಗೆತಕ್ಕೆ ಹೋಗಬಹುದು. ಇಪ್ಪತ್ತು ವರ್ಷ ಉಟ್ಟು ಒಗೆದು ಎಳೆ ಮೆತ್ತಗಾದ ಸೀರೆಯ ಹದ ಅದಕ್ಕೆ ಬರುವುದಿಲ್ಲ. ಹುಟ್ಟಿದ ಕೂಸನ್ನು ಹಳೆಯ ಬಟ್ಟೆಯ ಮೇಲೆ ಮಲಗಿಸುವ ನಮ್ಮ ಹೆಂಗಸರಿಗೆ ಈ ವ್ಯತ್ಯಾಸ ಬೆರಳತುದಿಯಲ್ಲಿ ಗೊತ್ತು.

ಇಷ್ಟು ಹೇಳಿದವನು ಬಡತನದ ಭಜನೆ ಮಾಡುತ್ತಿದ್ದಾನೆಂದು ಯಾರಾದರೂ ಎಂದಾರು. ಬಡತನದಿಂದ ಕಲೆ ಹುಟ್ಟುತ್ತದೆ ಎಂಬ ಮಾತು ಬಡವರಲ್ಲದವರ ಬಾಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಕೌದಿ ಬಿಡುವಿನ ವೇಳೆಯ ವಿನೋದವಾಗಿರಲಿಲ್ಲ. ಹೊಲದ ಕೆಲಸ ಮುಗಿದ ಬೇಸಗೆಯ ಮಧ್ಯಾಹ್ನಗಳಲ್ಲಿ, ನೆಲಕ್ಕೆ ಬಗ್ಗಿ ಕುಳಿತು, ಬೆನ್ನು ನೋವಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು ಹೊಲಿದದ್ದು. ಮನೆಯಲ್ಲಿ ಹೊಲಿಯಲಾರದವರಿಗೆ ಊರೂರು ಅಲೆಯುವ ಪಂಗಡಗಳ ಹೆಂಗಸರು ಬಂದು ಜಗಲಿಯ ಮೇಲೆ ಕುಳಿತು ಹೊಲಿದುಕೊಟ್ಟು ಹೋಗುತ್ತಿದ್ದರು; ಅವರಿಗೆ ದಕ್ಕುತ್ತಿದ್ದದ್ದು ಒಂದಿಷ್ಟು ಕಾಳು, ಒಂದಿಷ್ಟು ಕಾಸು. ನಮ್ಮ ಅತ್ಯುತ್ತಮ ಕೌದಿಗಳಲ್ಲಿ ಎಷ್ಟು ಅಂಥವರ ಕೈಯವೋ! ಒಗೆಯುವುದೂ ಸುಲಭವಲ್ಲ. ದಸರೆಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಕೆರೆಗೋ ಹಳ್ಳಕ್ಕೋ ಹೊತ್ತು ಒಗೆದು ಹಾಕುವ ಪದ್ಧತಿ ಬಯಲುಸೀಮೆಯಲ್ಲಿ ಇದೆ. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತಲಾರರು. ಉಡುತಡಿಯ ಸೊಸೆ ಹೇಳಿದ ಮಾತು ನ್ಯಾಯವಾದದ್ದು. "ಮಿಷಿನ್ನಿಗೆ ಹಾಕಾಕೆ ಬರಲ್ಲ. ಹಿಂಡಾಕೆ ಇಬ್ಬರು ಬೇಕು. ಅತ್ತೆಗೆ ಆಗಲ್ಲ, ನಂಗೊಬ್ಬಳಿಗೂ ಆಗಲ್ಲ. ಬ್ಲಾಂಕೆಟ್ ಆದ್ರೆ ಹಗುರ ಇರ್ತೈತಿ." ಈ ಸೊಸೆಗೆ ಕೌದಿಯ ಹಿರಿಮೆಯನ್ನು ಉಪದೇಶಿಸುವ ಅಧಿಕಾರ, ಬೆಂಗಳೂರಿನಲ್ಲಿ ಹಗುರವಾದ ಬ್ಲಾಂಕೆಟ್ ಹೊದೆದು ಮಲಗುವ ನಮಗೆ ಯಾರಿಗೂ ಇಲ್ಲ.

ಆದರೆ ಕೌದಿ ನಿಂತುಹೋಗುತ್ತಿರುವುದು ಸೊಸೆಯಂದಿರ ಸೋಮಾರಿತನದಿಂದ ಎಂಬ ಮಾತನ್ನು ನಾನು ಒಪ್ಪಲಾರೆ. ಸಾಮಗ್ರಿಯೇ ಇಲ್ಲವಾಗಿದೆ. ಹಳೆಯ ಹತ್ತಿ ಸೀರೆ ಬೇಕಾದರೆ ಮೊದಲು ಹೊಸ ಹತ್ತಿ ಸೀರೆ ಉಟ್ಟಿರಬೇಕು. ದಿನಬಳಕೆಯ ಸೀರೆ ಪಾಲಿಯೆಸ್ಟರ್ ಆಗಿ ಎರಡು ತಲೆಮಾರಿನಷ್ಟು ಕಾಲವಾಯಿತು. ಅದು ಸವೆಯುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ. ಸೂಜಿಯ ಕೆಳಗೆ ಜಾರುತ್ತದೆ, ಬೆವರನ್ನು ಹೀರುವುದಿಲ್ಲ. ಅದರಿಂದಲೂ ಕೌದಿ ಹೊಲಿಯುತ್ತಾರೆ, ಬಣ್ಣವೂ ಬಹಳ ದಿನ ಉಳಿಯುತ್ತದೆ. ಹೊದೆದು ಮಲಗಿದವರಿಗೆ ಮಾತ್ರ ರಾತ್ರಿ ಉದ್ದವಾಗುತ್ತದೆ.

ಕೌದಿಯನ್ನು ಮಡಿಸುವಾಗ ಹಿರಿಯಾಕೆ ಒಂದು ಸುದ್ದಿ ಹೇಳಿದರು. ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದಿದ್ದನಂತೆ. ಇದನ್ನು ಕೊಟ್ಟರೆ ಎರಡು ಹೊಸ ಬ್ಲಾಂಕೆಟ್ ಕೊಡುತ್ತೇನೆ, ಮೇಲೆ ಹಣವನ್ನೂ ಕೊಡುತ್ತೇನೆ ಎಂದನಂತೆ. ಕೊಡಲಿಲ್ಲ. ಮೊಮ್ಮಗಳ ಬಾಣಂತನಕ್ಕೆ ಬೇಕಾಗುತ್ತದೆಂದು ಇದರ ಮೇಲೆ ಹೊಸ ಹೊದಿಕೆ ಹೊಲಿಸುವ ಯೋಚನೆ ಅವರದು. ಎಂದರೆ ಆ ಇಳಕಲ್ಲಿನ ಚೌಕ, ಖಣದ ಸಾಲು, ಆ ನೀಲಿ ಎಲ್ಲವೂ ಒಳಕ್ಕೆ ಹೋಗುತ್ತವೆ. ಇನ್ನು ಯಾರೂ ನೋಡಲಾರರು. ವ್ಯಾಪಾರಿಗೆ ಕೊಟ್ಟಿದ್ದರೆ ಎಲ್ಲಿಯೋ ಒಂದು ಗೋಡೆಯ ಮೇಲೆ ಹೆಸರಿಲ್ಲದೆ ಉಳಿಯುತ್ತಿತ್ತು. ಎರಡರಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಿದರೆ, ಹೊಲಿಯಲಿ ಎಂದೇ ಹೇಳುತ್ತೇನೆ. ಹೊಲಿಯುವ ಮುಂಚೆ ಒಂದು ಒಳ್ಳೆಯ ಚಿತ್ರ ತೆಗೆದು, ಬೆನ್ನಿನದೂ ಸೇರಿಸಿ, ಅತ್ತೆಯ ಹೆಸರು, ತವರೂರು ಬರೆದಿಡಿ ಎಂದು ಸೊಸೆಗೆ ಹೇಳಿದೆ. ಅವರು ಅಲ್ಲಿಯೇ ಮೊಬೈಲಿನಲ್ಲಿ ತೆಗೆದರು; ಹೆಸರನ್ನು ಹಿರಿಯಾಕೆ ಹೇಳುವ ಹಾಗಿಲ್ಲವೆಂದು ಮಗ ಹೇಳಿದ.

ಹೊದಿಕೆಗೆ ಯಾವ ಸೀರೆ ಎಂದು ಕೇಳಿದೆ. ಇನ್ನೂ ತೀರ್ಮಾನವಾಗಿಲ್ಲವಂತೆ. ಎರಡು ಸೀರೆಗಳನ್ನು ತಂದು ತೋರಿಸಿದರು. ಒಂದು ಅಪ್ಪಟ ಹತ್ತಿಯದು, ಅರ್ಧದಷ್ಟು ಜೀರ್ಣವಾಗಿದೆ. ಇನ್ನೊಂದು ಗಟ್ಟಿಯಾಗಿದೆ, ಆದರೆ ಬೆರಕೆ ನೂಲಿನದು. ಹಿರಿಯಾಕೆ ಎರಡನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಬಹಳ ಹೊತ್ತು ತಿಕ್ಕಿ ನೋಡುತ್ತಿದ್ದರು.